ಲೈನ್‌ಮನ್ ಇಳಿಸಿದ ಗಿಡಗಳು

ಅವರ ಮೊಣಕಾಲುಗಳ ಒಳಬದಿಯ ಚರ್ಮ ನೊಗ ಹೊತ್ತ ಎತ್ತಿನ ಹೆಗಲಿನಂತೆ ದಪ್ಪಗಟ್ಟಿ ಕಪ್ಪಾಗಿತ್ತು. ಸಂಜೆ ಕೆಲಸದಿಂದ ಬಂದವರು ಖಾಕಿ ಪ್ಯಾಂಟನ್ನು ತೊಡೆಯವರೆಗೆ ಮಡಚಿಕೊಂಡು ಅಂಗಳದ ನಲ್ಲಿಯ ಕೆಳಗೆ ಕಾಲು ತೊಳೆಯುವಾಗ ಅದು ನನ್ನ ಕಣ್ಣಿಗೆ ಬೀಳುತ್ತಿತ್ತು. ಏನೋ ಚರ್ಮದ ಕಾಯಿಲೆ ಇರಬೇಕು ಎಂದುಕೊಂಡಿದ್ದೆ. ಒಮ್ಮೆ ಅವರ ಹೆಂಡತಿಯನ್ನು ಕೇಳಿದಾಗ ಆಕೆ ನಕ್ಕುಬಿಟ್ಟರು. "ಕಾಯ್ಲೆ ಅಲ್ಲ ಕಣಮ್ಮ. ಮೂವತ್ತೊರ್ಸ ಕಂಬ ತಬ್ಕಂಡಿದ್ದು. ನನ್ನನ್ನೂ ಅಷ್ಟು ತಬ್ಕಂಡಿಲ್ಲ."

ಅವರು ಲೈನ್‌ಮನ್. ಹೊಳೆನರಸೀಪುರದಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಪಕ್ಕದ ಮನೆ ಅವರದು. ಎರಡು ಮನೆಗಳ ನಡುವೆ ಎದೆಯೆತ್ತರದ ಒಂದು ಗೋಡೆ. ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡು ಏಳು ಗಂಟೆಗೆಲ್ಲ ಮೊಪೆಡ್ ಹತ್ತಿ ಹೊರಟರೆ ಅವರು ವಾಪಸು ಬರುವ ಹೊತ್ತನ್ನು ಗಾಳಿ ಮಳೆ ನಿರ್ಧರಿಸುತ್ತಿದ್ದವು. ಮಾತು ಕಡಿಮೆ. ಕರೆಂಟು ಹೋದಾಗ ಬೀದಿಯವರೆಲ್ಲ ಅವರ ಮನೆ ಮುಂದೆ ನಿಂತು, "ಯಾವಾಗ ಬತ್ತದೆ?" ಎಂದು ಕೇಳಿದರೆ, "ಇನ್ನೇನು ಬಂತು" ಎನ್ನುವ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. "ಆರೂವರೆಗೆ" ಎನ್ನುತ್ತಿದ್ದರು, ಇಲ್ಲವೇ "ಇವತ್ತಿಲ್ಲ, ನಾಳೆ ಮಧ್ಯಾಹ್ನ" ಎನ್ನುತ್ತಿದ್ದರು. ಇದಕ್ಕಾಗಿ ಬೀದಿಯಲ್ಲಿ ಅವರನ್ನು ಕಂಡರೆ ಅನೇಕರಿಗೆ ಅಷ್ಟಕ್ಕಷ್ಟೆ.

ನಾವು ಹಾಸನದಿಂದ ಇಲ್ಲಿಗೆ ಬಂದದ್ದು ಅನಿವಾರ್ಯವಾಗಿ. ನನ್ನ ಗಂಡ ಅಲ್ಲಿ ಒಂದು ಖಾಸಗಿ ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದರು. ಒಂದು ಬೆಳಿಗ್ಗೆ ಶಾಲೆಗೆ ಹೊರಟ ಸ್ಕೂಟರು ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದ ಕೆಳಗೆ ಏನೂ ಸ್ವಾಧೀನದಲ್ಲಿ ಉಳಿಯಲಿಲ್ಲ. ನನಗೆ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸವಿತ್ತು. ಕಚೇರಿಯಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ ಮನೆ ಸಿಗುವ ಊರು ಬೇಕೆಂದು ಬೇಡಿಕೊಂಡು ಹೊಳೆನರಸೀಪುರದ ತಾಲ್ಲೂಕು ಕಚೇರಿಗೆ ವರ್ಗ ಮಾಡಿಸಿಕೊಂಡೆ. ನಮಗೆ ಮಕ್ಕಳಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಇವರ ಮೈ ಒರೆಸಿ, ಬಟ್ಟೆ ಬದಲಿಸಿ, ಪಕ್ಕ ತಿರುಗಿಸಿ, ಗಂಜಿ ಕುಡಿಸಿ ಕಚೇರಿಗೆ ಓಡಿದರೆ ಒಂದೂವರೆಗೆ ಮತ್ತೆ ಓಡಿಬರಬೇಕು. ಅದುವರೆಗೆ ದಣಿವು ಎಂದರೆ ನಿದ್ದೆ ಮಾಡಿದರೆ ಹೋಗುವಂಥದ್ದು ಎಂದು ತಿಳಿದಿದ್ದೆ. ನಿದ್ದೆ ಮಾಡಿ ಎದ್ದ ಮೇಲೂ ಹಾಸಿಗೆಯ ಪಕ್ಕದಲ್ಲೇ ಕಾದು ಕೂತಿರುವ ದಣಿವು ಆಮೇಲೆ ಗೊತ್ತಾಯಿತು. ಮನೆಯಲ್ಲಿ ಒಂದು ತುಳಸಿ ಗಿಡ ಕೂಡ ಇಟ್ಟಿರಲಿಲ್ಲ. ನೀರಿಗಾಗಿ ನನ್ನ ಮುಖ ನೋಡುವ ಇನ್ನೊಂದು ಜೀವ ಬೇಡ ಎನಿಸಿತ್ತು.

ಹೀಗಿರುವಾಗ ಒಂದು ಮೇ ತಿಂಗಳಲ್ಲಿ ಗೋಡೆಯ ಮೇಲೆ ಒಂದು ಕೊಂಬೆ ಕಾಣಿಸಿಕೊಂಡಿತು. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆಗಳನ್ನೆಲ್ಲ ಕಡಿದು ಹಾಕುವುದು ಲೈನ್‌ಮನ್‌ಗಳ ಕೆಲಸ. ಅಂಥದ್ದೇ ಒಂದು ಮಾವಿನ ತುಂಡನ್ನು ಪಕ್ಕದ ಮನೆಯ ಲೈನ್‌ಮನ್ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಬಂದು, ಗೋಡೆಯ ಮೇಲೆ ಇಟ್ಟು ಒಳಗೆ ಹೋಗುವಷ್ಟರಲ್ಲಿ ಫೋನು ಬಂದು ಮತ್ತೆ ಎಲ್ಲಿಗೋ ಹೊರಟುಹೋದರು. ಕೊಂಬೆ ನಾಲ್ಕು ದಿನ ಅಲ್ಲೇ ಇತ್ತು. ಐದನೆಯ ದಿನ ಅದನ್ನು ಕಸಕ್ಕೆ ಹಾಕಲೆಂದು ಕೈಗೆತ್ತಿಕೊಂಡೆ. ಕೊಂಬೆಗೆ ದಪ್ಪ ಎಲೆಯ ಒಂದು ಗಿಡ ಅಂಟಿತ್ತು. ಹುರಿಹಗ್ಗದಂಥ ಬೇರುಗಳು ತೊಗಟೆಯನ್ನು ಸುತ್ತಿ ಹಿಡಿದಿದ್ದವು. ಬಿಸಿಲಿಗೆ ಕೊಂಬೆ ಸತ್ತಿತ್ತು, ಬೇರಿನ ತುದಿ ಮಾತ್ರ ಎಳೆ ಹಸಿರಾಗಿತ್ತು. ಅಂದು ಕಸದ ಗಾಡಿ ಬರಲಿಲ್ಲ. ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಆ ಗಿಡವನ್ನು ಕೊಂಬೆಯಿಂದ ಕಿತ್ತು, ಹಳೆಯ ಪೇಂಟ್ ಡಬ್ಬಿಗೆ ಕೆಮ್ಮಣ್ಣು ಸಗಣಿ ಗೊಬ್ಬರ ತುಂಬಿ ನೆಟ್ಟೆ. ಬೆಳಿಗ್ಗೆ ಸಂಜೆ ನೀರು ಹಾಕಿದೆ. ಬೇಡ ಬೇಡ ಎಂದುಕೊಂಡೇ ಹಾಕಿದೆ. ಮೂರು ವಾರಕ್ಕೆ ಬುಡ ಕೊಳೆತು, ಕಪ್ಪಾಗಿ, ಕೈಯಿಟ್ಟರೆ ಎಲೆ ಕಳಚಿ ಬರತೊಡಗಿತು. ಡಬ್ಬಿ ಹಿಡಿದುಕೊಂಡು ಗೋಡೆಯ ಬಳಿ ನಿಂತಿದ್ದಾಗ ಲೈನ್‌ಮನ್ ನೋಡಿದರು. ನನಗೆ ಅವರ ವಸ್ತುವನ್ನು ಕೊಂದ ಭಯ. ಆಗಿದ್ದನ್ನೆಲ್ಲ ಹೇಳಿದೆ.

ಅವರು ಡಬ್ಬಿಯನ್ನು ತೆಗೆದುಕೊಂಡು ಮೂಸಿ ನೋಡಿದರು. "ಮಣ್ಣಿಗೆ ಆಕಿದ್ರಾ? ಇದು ಮಣ್ಣೇ ಕಂಡಿಲ್ಲವಲ್ಲ ಮೇಡಂ, ಉಟ್ಟಿದಾಗ್ಲಿಂದ. ಉಸ್ರು ಕಟ್ಟಿ ಸತ್ತದೆ" ಎಂದರು. ಆಮೇಲೆ ನನ್ನ ಮುಖ ನೋಡಿ, "ಬುಡಿ, ಮೊದಲ್ನೇದನ್ನ ಎಲ್ರೂ ಸಾಯಿಸ್ತಾರೆ. ನಾನು ಮೂರು ಸಾಯಿಸಿದೀನಿ" ಎಂದರು.

ಮರುದಿನ ಗೋಡೆಯ ಮೇಲೆ ಇನ್ನೊಂದು ಗಿಡವಿತ್ತು. ಈ ಸಲ ಮರೆತು ಇಟ್ಟದ್ದಲ್ಲ. ನಾನು ಬೇಡವೆಂದೆ. ನನ್ನ ಕೈಲಿ ಆಗುವುದಿಲ್ಲ, ಮನೆಯಲ್ಲಿ ಇರುವ ಕೆಲಸವೇ ಸಾಕಾಗಿದೆ ಎಂದೆ. "ಇದ್ಕೆ ನೀವೇನೂ ಮಾಡ್ಬ್ಯಾಡಿ. ಮಾಡಿದ್ರೇ ಸಾಯೋದು. ಗಾಳಿ ಆಡೋ ಕಡೆ ನೇತಾಕಿ, ಬಿಸ್ಲು ಇದ್ದಾಗ ವಸಿ ನೀರು ಚುಮುಕ್ಸಿ, ಸುಮ್ಕಿರಿ" ಎಂದು ಹೇಳಿ ಹೊರಟುಹೋದರು.

ಅವತ್ತು ಸಂಜೆ ನಾನು ಮೊದಲ ಬಾರಿಗೆ ಅವರ ಮನೆಯ ಹಿತ್ತಲಿಗೆ ಹೋದೆ. ಹಿತ್ತಲೆಂದರೆ ಬಟ್ಟೆ ಒಗೆಯುವ ಕಲ್ಲು, ಒಂದು ಸೀಬೆ ಮರ, ಹತ್ತು ಅಡಿ ಜಾಗ. ಆ ಜಾಗದ ತುಂಬ ಮರದ ತುಂಡುಗಳು ತೂಗುತ್ತಿದ್ದವು. ಒಂದೊಂದರ ಮೇಲೂ ಒಂದೊಂದು ಗಿಡ, ಹಳೆಯ ಲುಂಗಿಯ ಪಟ್ಟಿಯಿಂದ ಕಟ್ಟಿದ್ದು. ಕೆಲವಕ್ಕೆ ತೆಂಗಿನ ಮಟ್ಟೆ. ಒಂದೊಂದಕ್ಕೂ ತಗಡಿನ ಚೂರಿನಲ್ಲಿ ಅದು ಬಂದ ಜಾಗದ ಕಂಬದ ನಂಬರು. ಅವರಿಗೆ ಅವುಗಳ ಹೆಸರು ಗೊತ್ತಿರಲಿಲ್ಲ. ನೇತಾಡುವ ಜಡೆಯಂತೆ ಹೂ ಬಿಡುವುದಕ್ಕೆ ಸೀತಾಳೆ ದಂಡೆ ಎನ್ನುತ್ತಾರೆಂದು ಅರಕಲಗೂಡಿನ ಕಡೆಯ ಯಾರೋ ಮುದುಕಿ ಹೇಳಿದ್ದಳಂತೆ. ಹಳದಿಯ ಮೇಲೆ ಕೆಂಪು ಗೀರಿನ ಹೂವಿನದ್ದಕ್ಕೆ ಅವರೇ ಹುಲಿಪಟ್ಟೆ ಎಂದು ಹೆಸರಿಟ್ಟಿದ್ದರು. "ಊರಲ್ಲಿ ಎಲ್ಲಾ ಬದನಿಕೆ ಅಂತಾರೆ. ಬದನಿಕೆ ಬ್ಯಾರೆ. ಅದು ಮರದ ರಸ ಈರ್ತದೆ. ಇದು ಮರದಿಂದ ಏನೂ ಇಸ್ಕಳಲ್ಲ. ಸುಮ್ಕೆ ಕುಂತಿರ್ತದೆ ಅಷ್ಟೇಯ" ಎಂದು ವಿವರಿಸಿದರು. ಕಚೇರಿಯಲ್ಲಿ ಒಬ್ಬರು ಫೋನಿನಲ್ಲಿ ನನ್ನ ಗಿಡದ ಚಿತ್ರ ನೋಡಿ ಇವು ಆರ್ಕಿಡ್ಡುಗಳು, ಸಿಟಿಯಲ್ಲಿ ಇವನ್ನು ಸಾಕುವ ದೊಡ್ಡ ದೊಡ್ಡ ಜನರಿದ್ದಾರೆ ಎಂದಾಗ ನಾನು ಬಂದು ಲೈನ್‌ಮನ್‌ಗೆ ಹೇಳಿದೆ. "ಅಂಗಂತಾರಾ?" ಎಂದರು, ಅಷ್ಟೇ.

ಒಂದು ಎರಡಾಯಿತು. ಎರಡು ಐದಾಯಿತು. ನಾನು ಯಾವುದನ್ನೂ ಕೇಳಲಿಲ್ಲ, ಕೊಟ್ಟದ್ದನ್ನು ಬೇಡವೆನ್ನಲೂ ಆಗಲಿಲ್ಲ. ಇವರ ಮಂಚದ ಪಕ್ಕದ ಕಿಟಕಿಯ ಸರಳುಗಳಿಗೆ ಒಂದೊಂದಾಗಿ ತೂಗುಹಾಕಿದೆ. ನನ್ನ ಗಂಡ ಮೊದಲು, "ಇದೇನು ಕಟ್ಟಿಗೆ ಡಿಪೋ" ಎಂದು ಗೊಣಗಿದರು. ಆಮೇಲೆ ದಿನವಿಡೀ ನೋಡಲು ಬೇರೇನೂ ಇಲ್ಲದ್ದರಿಂದ ಅವನ್ನೇ ನೋಡತೊಡಗಿದರು. ನಾನು ಮಧ್ಯಾಹ್ನ ಬಂದರೆ, "ಎರಡನೇದರ ಬೇರು ಅರ್ಧ ಇಂಚು ಇಳಿದಿದೆ" ಎಂದು ವರದಿ ಒಪ್ಪಿಸುವರು. ಒಂದೂವರೆ ವರ್ಷದ ಮೇಲೆ ಒಂದು ಮೊಗ್ಗು ಬಂದಾಗ ಅದನ್ನು ಮೊದಲು ಕಂಡವರು ಅವರೇ. ಕಂದು ಬಣ್ಣದ ಚೌಕುಳಿಯ ಎಸಳು, ನಡುವೆ ನೇರಳೆ ನಾಲಿಗೆ. ಹತ್ತಿರ ಹೋದರೆ ಸಣ್ಣ ಪರಿಮಳ. ಲೈನ್‌ಮನ್ ಒಳಗೆ ಬಂದು ಮಂಚದ ಪಕ್ಕ ನಿಂತು ನೋಡಿದರು. ಅವರಿಗೆ ಏನನ್ನಿಸಿತೋ, "ಮೇಷ್ಟ್ರೇ, ಇದು ಆ ಐಸ್ಕೂಲ್ ಪಕ್ಕದ ಮಾವು ಕಣ್ರೀ. ಕಡಿದಿದ್ದು ನಾನೇಯ" ಎಂದು ಹೊರಗೆ ಹೋದರು.

ಮುಂದಿನ ಬೇಸಿಗೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಆಲಿಕಲ್ಲು ಬಿದ್ದು, ಅದರ ಬೆನ್ನಿಗೇ ಬಿರುಗಾಳಿ ಎದ್ದಿತು. ಹೊಳೆಯ ದಂಡೆಯ ತೆಂಗಿನ ಮರಗಳು ಮುರಿದು, ಕಂಬಗಳ ಸಾಲೇ ಮಲಗಿಬಿಟ್ಟಿತು. ನನ್ನ ಗಂಡ ಮಲಗುತ್ತಿದ್ದುದು ಗಾಳಿ ತುಂಬುವ ಹಾಸಿಗೆಯ ಮೇಲೆ. ಒಂದು ಸಣ್ಣ ಮೋಟಾರು ಅದರ ಗಾಳಿಯನ್ನು ಅತ್ತಿತ್ತ ಆಡಿಸುತ್ತಿದ್ದರೆ ಮಾತ್ರ ಅವರ ಬೆನ್ನಿಗೆ ಹುಣ್ಣಾಗುವುದಿಲ್ಲ. ಒಮ್ಮೆ ಹುಣ್ಣಾಗಿ, ಹಾಸನದ ಆಸ್ಪತ್ರೆಯಲ್ಲಿ ಎರಡು ತಿಂಗಳು ಇದ್ದು ಬಂದಿದ್ದೆವು. ಇನ್ನೊಂದು ಸಲ ಅದಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಆಗಲೇ ಎಚ್ಚರಿಸಿದ್ದರು. ಕರೆಂಟು ಹೋಯಿತು, ಹಾಸಿಗೆ ಚಪ್ಪಟೆಯಾಯಿತು.

ಸಂಜೆ ಆರಕ್ಕೆ ಲೈನ್‌ಮನ್ ಒಂದು ತುತ್ತು ಉಣ್ಣಲು ಬಂದಿದ್ದರು. ಮೈಯೆಲ್ಲ ಕೆಸರು. ನಾನು ಗೋಡೆಯ ಬಳಿ ಹೋಗಿ, "ಯಾವಾಗ ಬರುತ್ತದೆ?" ಎಂದು ಕೇಳಿದೆ.

"ನಮ್ಮ ಬೀದಿಗೆ ಮಂಗಳವಾರ ಸಾಯಂಕಾಲ. ಅದ್ಕಿಂತ ಮುಂಚೆ ಆಗಲ್ಲ."

"ಇವರ ಹಾಸಿಗೆ ನಿಮಗೆ ಗೊತ್ತಲ್ಲ! ಮೊದಲು ನಮ್ಮ ಕಡೆ ತಂತಿ ಎಳೆಯಲು ಆಗುವುದಿಲ್ಲವೇ?"

"ಆಸ್ಪತ್ರೆ ಲೈನು ಮೊದ್ಲು. ಆಮ್ಯಾಕೆ ಊರಿನ ನೀರಿನ ಪಂಪು. ಆಮ್ಯಾಕೆ ಪ್ಯಾಟೆ ಬೀದಿ. ನಮ್ದು ಕಡೇಗೆ."

"ನಾಳೆ ಆದೀತು ಅಂತಾದರೂ ಹೇಳಬಾರದೇ?"

"ಅಂದ್ರೆ ನೀವು ನಾಳೆಗಂಟ ಮೋಟ್ರು ನೋಡ್ತಾ ಕುಂತಿರ್ತೀರ. ಬ್ಯಾರೆ ಏನೂ ಮಾಡ್ಕಳಲ್ಲ" ಎಂದರು. ಮಾತಿನಲ್ಲಿ ಒರಟಿರಲಿಲ್ಲ. ನನಗೆ ಒರಟಾಗಿ ಕೇಳಿಸಿತು. ಎಷ್ಟೋ ತಿಂಗಳಿಂದ ಒಳಗೆ ಕಟ್ಟಿಕೊಂಡಿದ್ದದ್ದೆಲ್ಲ ಆ ಮನುಷ್ಯನ ಮೇಲೆ ಹರಿಯಿತು. ಪಕ್ಕದ ಮನೆಯಲ್ಲಿದ್ದು ಏನು ಪ್ರಯೋಜನ, ಕಟ್ಟಿಗೆ ತುಂಡು ಕೊಡಲು ಬರುತ್ತದೆ, ಬೇಕಾದ ಹೊತ್ತಿಗೆ ಕರೆಂಟು ಕೊಡಲು ಬರುವುದಿಲ್ಲ ಎಂದೆಲ್ಲ ಕಿರುಚಿದೆ. ಬೀದಿಯವರು ಬಾಗಿಲಿಗೆ ಬಂದು ನೋಡಿದರು. ಲೈನ್‌ಮನ್ ತಟ್ಟೆಯಲ್ಲಿ ಉಳಿದಿದ್ದ ಮುದ್ದೆಯನ್ನು ಹಾಗೇ ಬಿಟ್ಟು ಕೈ ತೊಳೆದುಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದ ಸದ್ದಾಯಿತು. ಲೈನ್‌ಮನ್, ಹಿಂದೆ ಅವರ ಹೆಂಡತಿ. ಆಕೆಯ ಕೈಯಲ್ಲಿ ಮನೆಯಲ್ಲಿದ್ದ ದಿಂಬುಗಳೆಲ್ಲ ಇದ್ದವು. ಲೈನ್‌ಮನ್ ರಾತ್ರಿ ಮಲಗಿರಲಿಲ್ಲ, ಅದು ಕಣ್ಣಲ್ಲೇ ಕಾಣುತ್ತಿತ್ತು. "ಮೇಷ್ಟ್ರನ್ನ ಎರಡು ಗಂಟೆಗೊಂದ್ಸಲ ತಿರುಗಿಸ್ಬೇಕು. ನೀವೊಬ್ರೇ ಎತ್ತುದ್ರೆ ಅವ್ರ ಚರ್ಮ ಉಜ್ಜುತ್ತೆ. ದುಪ್ಪಟಿ ಕೆಳಗೆ ಆಕಿ, ಇಬ್ರು ಎರಡು ಕಡೆ ಇಡ್ಕಂಡು ಎಳೀಬೇಕು, ಇಂಗೆ" ಎಂದು ಮಾಡಿ ತೋರಿಸಿದರು. ಎಲ್ಲೆಲ್ಲಿ ದಿಂಬು ಇಡಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಹೇಗೆ ಎತ್ತಬೇಕು, ಎಲ್ಲ ತಿಳಿದಿತ್ತು ಅವರಿಗೆ. ಹಿಂದೆ ಜೊತೆಗಾರನೊಬ್ಬ ಕಂಬದಿಂದ ಬಿದ್ದು ಮಲಗಿದ್ದಾಗ ಎರಡು ವರ್ಷ ರಜೆಯ ದಿನಗಳಲ್ಲಿ ಹೋಗಿ ನೋಡಿಕೊಂಡಿದ್ದರಂತೆ. ಆತ ಏನಾದ ಎಂದು ನಾನು ಕೇಳಲಿಲ್ಲ.

ಎರಡು ದಿನ ಹೀಗೆ ನಡೆಯಿತು. ಕಚೇರಿಗೆ ರಜೆ ಹಾಕಿದ್ದೆ. ಅವರ ಹೆಂಡತಿ ನನ್ನ ಜೊತೆಯಲ್ಲಿದ್ದರು, ಕೆಲಸದ ನಡುವೆ ಅವರೂ ಬಂದು ಒಂದು ಬದಿ ಹಿಡಿಯುತ್ತಿದ್ದರು. ಯಾರೂ ಭಾನುವಾರದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವರು ಮೊಪೆಡ್ಡಿನ ಕಡೆ ನಡೆದುಬಿಡುತ್ತಿದ್ದರು. ಮಂಗಳವಾರ ಸಂಜೆ ಐದರ ಸುಮಾರಿಗೆ ಕರೆಂಟು ಬಂತು. ಮೋಟಾರು ಗುಂಯ್ಗುಟ್ಟಿತು. ನನ್ನ ಗಂಡನ ಬೆನ್ನಿನ ಮೇಲೆ ಕೆಂಪು ಚುಕ್ಕೆ ಕೂಡ ಇರಲಿಲ್ಲ.

ಆ ಬಿರುಗಾಳಿಗೆ ಬಿದ್ದ ಮರಗಳಿಂದ ಹದಿನಾಲ್ಕು ಗಿಡಗಳು ಬಂದವು. ಅವುಗಳಲ್ಲಿ ಆರನ್ನು ನಾನೇ ಕೇಳಿ ತೆಗೆದುಕೊಂಡೆ. ನನಗೆ ಯಾವಾಗ ಈ ಹುಚ್ಚು ಹತ್ತಿತೆಂದು ಕೇಳಿದರೆ ಇದೇ ಹೊತ್ತು ಎನ್ನಬೇಕು. ರಸ್ತೆಯಲ್ಲಿ ನಡೆಯುವಾಗ ಜನರ ಮುಖ ನೋಡುವುದು ಬಿಟ್ಟು ಮರಗಳ ಕವಲು ನೋಡತೊಡಗಿದೆ. ಹಾಸನಕ್ಕೆ ಇವರ ಔಷಧಿ ತರಲು ಹೋದಾಗ ಬಸ್ಸಿನ ಕಿಟಕಿಯಿಂದ ಎಣಿಸುತ್ತಿದ್ದೆ. ಅದು ಸಂತೋಷವೆಂದು ಹೇಳಲಾರೆ. ದಣಿದ ಮನಸ್ಸಿಗೆ ಹಿಡಿದುಕೊಳ್ಳಲು ಏನೋ ಒಂದು ಬೇಕಿತ್ತು. ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದೆ.

ಆ ಬಿಗಿಯಲ್ಲೇ ನಾನು ತಪ್ಪಿದ್ದು. ಸಾಲಗಾಮೆಯಲ್ಲಿ ಕಚೇರಿಯ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಮನೆಯ ಹಿಂದಿನ ಹೊಲದ ಬದುವಿನಲ್ಲಿ ಒಂದು ಹಳೆಯ ಮಾವಿನ ಮರ. ಅದರ ಮೊದಲ ಕವಲಿನಲ್ಲಿ ಬುಟ್ಟಿಯಷ್ಟು ದೊಡ್ಡ ಸೀತಾಳೆ ದಂಡೆ. ನನ್ನ ಬಳಿ ಅದು ಇರಲಿಲ್ಲ. ಎಲ್ಲರೂ ಊಟಕ್ಕೆ ಕೂತಾಗ ಮಾವಿನಕಾಯಿ ಕೀಳುವ ದೋಟಿ ತಂದು ಅದನ್ನು ಎಳೆದೆ. ಅರ್ಧ ಕಿತ್ತು ಬಂತು, ಅರ್ಧ ಅಲ್ಲೇ ಉಳಿಯಿತು. ಬಂದದ್ದನ್ನು ಬ್ಯಾಗಿಗೆ ತುರುಕಿಕೊಂಡು ಬಸ್ಸು ಹತ್ತಿದೆ. ನಲವತ್ತೇಳು ವರ್ಷದ ಹೆಂಗಸು, ತಾಲ್ಲೂಕು ಕಚೇರಿಯ ನೌಕರಳು, ಕಳ್ಳಿಯ ಹಾಗೆ ಬ್ಯಾಗನ್ನು ಕಾಲಡಿಗೆ ತಳ್ಳಿ ಕೂತಿದ್ದೆ.

ಲೈನ್‌ಮನ್‌ಗೆ ತೋರಿಸಿದೆ. ಅವರು ಗಿಡವನ್ನು ತಿರುಗಿಸಿ ಬೇರು ನೋಡಿದರು.

"ಬಿದ್ದಿತ್ತಾ?"

"ಹೂಂ" ಎಂದೆ.

ಬೇರಿಗೆ ಅಂಟಿದ್ದ ತೊಗಟೆಯನ್ನು ಉಗುರಿನಿಂದ ಕೆರೆದರು. "ಬಿದ್ದಿದ್ದಲ್ಲ ಕಣಮ್ಮ ಇದು. ತೊಗಟೆ ಇನ್ನೂ ಅಸಿ ಐತೆ." ಅದುವರೆಗೂ ಮೇಡಂ ಎನ್ನುತ್ತಿದ್ದವರು ಅಂದು ಅಮ್ಮ ಎಂದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. "ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ಭಾನುವಾರ ಓಗಿ ಕಟ್ಬುಟ್ಟು ಬರಾನ."

ಭಾನುವಾರ ನನ್ನ ಗಂಡನ ಜೊತೆ ಲೈನ್‌ಮನ್‌ರ ಹೆಂಡತಿ ಕೂತರು. ನಾವಿಬ್ಬರು ಹಾಸನದ ಬಸ್ಸು ಹತ್ತಿ, ಅಲ್ಲಿಂದ ಸಾಲಗಾಮೆಯ ಬಸ್ಸು ಹಿಡಿದೆವು. ಅವರ ಹೆಗಲಲ್ಲಿ ಹಗ್ಗ ಮತ್ತು ಸೊಂಟಪಟ್ಟಿಯ ಚೀಲ, ನನ್ನ ಮಡಿಲಲ್ಲಿ ಗೋಣಿಯ ಗಂಟು. ಹೊಲದ ಯಜಮಾನರಿಗೆ ನಾನೇ ವಿಷಯ ಹೇಳಬೇಕಾಯಿತು. ಆತ ನಕ್ಕು, "ಒಂದು ಬದನಿಕೆಗೆ ಇಷ್ಟು ದೂರ ಬಂದ್ರಾ? ತಗಂಡೋಗಿ ಅತ್ಲಾಗೆ" ಎಂದರು. ಲೈನ್‌ಮನ್ ಆಗಲೇ ಚಪ್ಪಲಿ ಬಿಟ್ಟು ಮರ ಹತ್ತುತ್ತಿದ್ದರು.

ಐವತ್ತೆಂಟರ ಮನುಷ್ಯ ಹತ್ತಿದ ಆ ಚುರುಕು ನೋಡಲು ಚೆನ್ನಾಗಿತ್ತು. ಕವಲಿನಲ್ಲಿ ಕೂತು, ಕಿತ್ತು ಉಳಿದಿದ್ದ ಅರ್ಧದ ಪಕ್ಕದಲ್ಲೇ ಇದನ್ನು ಇಟ್ಟು, ಲುಂಗಿಯ ಪಟ್ಟಿ ಸುತ್ತಿ ನಿಧಾನವಾಗಿ ಕಟ್ಟಿದರು. ಇಳಿಯುವಾಗ ನಡುವೆ ನಿಂತರು. ಕಾಂಡಕ್ಕೆ ಕೆನ್ನೆಯಿಟ್ಟು, ಕಣ್ಣು ಮುಚ್ಚಿ, ಎಷ್ಟೋ ಹೊತ್ತು ನಿಂತರು. ನಾನು ಕೂಗಿದೆ, ಉತ್ತರ ಬರಲಿಲ್ಲ. ಆಮೇಲೆ ಒಂದೊಂದೇ ಹೆಜ್ಜೆಯಾಗಿ ಇಳಿದು ಬದುವಿನ ಮೇಲೆ ಕೂತರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಅಂಗಿ ನೆನೆದುಹೋಗಿತ್ತು. ನೀರು ಕೊಟ್ಟೆ.

ಉಸಿರು ಸುಧಾರಿಸಿದ ಮೇಲೆ ಅವರು ಹೇಳಿದ ಮಾತು ನನಗೆ ಹಾಗೇ ನೆನಪಿದೆ. "ಕೊಂಬೆ ಕಡಿಯೋದು ನನ್ ಕೆಲ್ಸ. ಸಂಬ್ಳ ಕೊಡೋದೇ ಅದ್ಕೆ. ಎಷ್ಟು ಮರ ಬೋಳಿಸಿದೀನೋ ಲೆಕ್ಕ ಇಲ್ಲ. ನಾನು ಕಡಿದಿದ್ರಲ್ಲಿ ಜೀವ ಇರೋದನ್ನ ನಾನು ಎತ್ಕಂಡು ಬಂದೆ, ಅದು ನನ್ ಕರ್ಮ. ಆಸೆಗೆ ತಂದಿದ್ದಲ್ಲ ಯಾವುದ್ನೂವೆ. ನಿಮ್ಗೆ ಯಾಕಮ್ಮ ಬೇಕಿತ್ತು, ಚೆನ್ನಾಗಿ ಕುಂತಿದ್ದನ್ನ ಎಳೆಯೋದು?"

ನಾನು ಖಾಲಿ ಗೋಣಿಯನ್ನು ಮಡಚಿದೆ. ಅವರೇ ಎದ್ದು, "ನಡೀರಿ, ಮೇಷ್ಟ್ರಿಗೆ ಊಟದ ಒತ್ತಾಗುತ್ತೆ" ಎಂದರು.

ಮರುದಿನ ಬಲವಂತ ಮಾಡಿ ಅವರ ಹೆಂಡತಿ ಅವರನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು, ನಾನೂ ಅರ್ಧ ದಿನದ ರಜೆ ಹಾಕಿ ಹೋದೆ. ಹೃದಯ ಊದಿಕೊಂಡಿದೆ, ಅದರ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗಿದೆ ಎಂದು ಡಾಕ್ಟರು ಹೇಳಿದರು. ನಾನು ಹಿಂದೆ ಉಳಿದು ಡಾಕ್ಟರನ್ನು ಕೇಳಿದೆ, ಮರ ಹತ್ತಿದ್ದರಿಂದ ಹೀಗಾಯಿತೇ ಎಂದು. ಇದು ವರ್ಷಗಳಿಂದ ಆಗುತ್ತ ಬಂದದ್ದು, ಮರ ಹತ್ತಿದ್ದರಿಂದ ಗೊತ್ತಾಯಿತು ಅಷ್ಟೇ ಎಂದು ಅವರು ಸಮಾಧಾನ ಹೇಳಿದರು. ನಂಬಿದೆ. ಪೂರ್ತಿ ನಂಬಿದೆ ಎಂದರೆ ಸುಳ್ಳಾಗುತ್ತದೆ.

ವಿದ್ಯುತ್ ಕಚೇರಿಯವರು ಲೈನ್‌ಮನ್‌ರನ್ನು ಕಂಬದಿಂದ ಇಳಿಸಿ ದೂರು ಬರೆದುಕೊಳ್ಳುವ ಫೋನಿನ ಮುಂದೆ ಕೂರಿಸಿದರು. ಅಲ್ಲಿಯೂ ಅವರು ತಮ್ಮ ರೀತಿಯನ್ನು ಬಿಡಲಿಲ್ಲ. "ನಾಳೆ ಅನ್ನೊಂದಕ್ಕೆ. ಅಲ್ಲೀಗಂಟ ಆಗಲ್ಲ" ಎಂದು ಹೇಳಿ ದಿನವಿಡೀ ಬೈಸಿಕೊಳ್ಳುತ್ತಿದ್ದರು. ಸಂಜೆ ಬಂದು ನನ್ನ ಗಂಡನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂರುವರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೆ ನಾನು ಕಾಫಿ ತಂದಾಗ ನನ್ನ ಗಂಡ, "ನಿಮಗೆ ಕಂಬ ಹತ್ತದೆ ಬೇಜಾರಾಗುತ್ತಾ?" ಎಂದು ಕೇಳುತ್ತಿದ್ದರು. "ನಿಮ್ಗೆ ಓಡದೆ ಬೇಜಾರಾಗಲ್ವಾ ಮೇಷ್ಟ್ರೇ?" ಎಂದರು ಲೈನ್‌ಮನ್. ಇಬ್ಬರೂ ನಕ್ಕರು. ಅಪಘಾತವಾದ ಮೇಲೆ ಓಟದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಲೈನ್‌ಮನ್ ಹೋದದ್ದು ಶಿವರಾತ್ರಿ ಕಳೆದ ಮರುವಾರ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದರಂತೆ. ಹೆಂಡತಿ ತಿಂಡಿಗೆ ಕೂಗಿದಾಗ ಏಳಲಿಲ್ಲ. ಆಕೆ ಅತ್ತದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತು, ನಾನು ಇವರ ಮೈ ಒರೆಸುತ್ತಿದ್ದೆ, ಅರ್ಧಕ್ಕೆ ಬಿಟ್ಟು ಓಡಿದೆ.

ಅರಕಲಗೂಡಿನ ದಾರಿಯಲ್ಲಿರುವ ಅವರ ಹಿರಿಯರ ಜಾಗದಲ್ಲಿ ಮಣ್ಣು ಮಾಡಿದರು. ಅವರ ಪದ್ಧತಿಯಂತೆ ಕೂರಿಸಿ ಮಾಡುವುದು. ಗುಂಡಿಗೆ ಇಳಿದು ಅವರನ್ನು ತಬ್ಬಿ ಕೂರಿಸಿದವರು ಜೊತೆಯ ಲೈನ್‌ಮನ್‌ಗಳು. ಮೂವರು ಖಾಕಿಯಲ್ಲೇ ಇದ್ದರು, ಕೆಲಸದ ನಡುವೆ ಬಂದವರು. ಒಬ್ಬ ಬಗ್ಗಿ ಅವರ ಕಾಲು ಮಡಿಸುವಾಗ ಬಿಕ್ಕಿ ಬಿಕ್ಕಿ ಅತ್ತ.

ತಿಂಗಳಾದ ಮೇಲೆ ಅವರ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದರು. ಚನ್ನರಾಯಪಟ್ಟಣದಲ್ಲಿ ಮಗಳ ಮನೆಯಿತ್ತು, ಅಲ್ಲಿಗೆ ಹೊರಟಿದ್ದರು. "ತಗಂಡೋಗಿ ಇವನ್ನ, ಎಲ್ಲಾನೂವೆ. ನನ್ ಕೈಲಾಗಲ್ಲ. ಒಂದ್ ದಿನ ಮಳೇಲಿ ನನ್ ಪಕ್ಕ ಕುಂತಿಲ್ಲ ಆ ಮನುಷ್ಯ. ಗಾಳಿ ಬೀಸಿದ್ರೆ ಓಗೋದು, ನಾನು ಕತ್ತಲಲ್ಲಿ ಮಗೀನ ತಬ್ಕಂಡು ಕುಂತಿರೋದು. ಬಂದ್ರೆ ಕೈಯಾಗೆ ಒಂದ್ ಕಟ್ಟಿಗೆ! ನಾನು ಬದ್ಕಿದೀನಾ ಅಂತ ಕೇಳ್ತಿರ್ಲಿಲ್ಲ, ಇದು ಬದ್ಕುತ್ತಾ ನೋಡೇ ಅನ್ನೋದು" ಎಂದು ಆಕೆ ಸಿಟ್ಟಿನಿಂದಲೇ ಹೇಳಿದರು. ಸಿಟ್ಟಿನಲ್ಲೇ ಒಂದೊಂದನ್ನೂ ಮೊಳೆಯಿಂದ ತೆಗೆದು, ಎಲೆ ಮುರಿಯದಂತೆ ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

ಹೀಗೆ ನಾನು, ಒಂದು ತುಳಸಿಯೂ ಬೇಡವೆಂದಿದ್ದವಳು, ಎಂಬತ್ತಕ್ಕೂ ಹೆಚ್ಚು ಆರ್ಕಿಡ್ಡುಗಳ ಒಡತಿಯಾದೆ. ಈಗ ಯಾರ್ಯಾರೋ ನೋಡಲು ಬರುತ್ತಾರೆ, ಸಂಗ್ರಹ ಎನ್ನುತ್ತಾರೆ, ಎಷ್ಟು ವರ್ಷದ ಹವ್ಯಾಸ ಎಂದು ಕೇಳುತ್ತಾರೆ. ನನಗೆ ಮುಜುಗರವಾಗುತ್ತದೆ. ಮೊದಲ ಬೇಸಿಗೆಯಲ್ಲೇ ಹನ್ನೊಂದು ಸತ್ತವು. ಕೆಲವು ನನ್ನ ಅಜ್ಞಾನದಿಂದ, ಕೆಲವು ನಾನು ದಣಿದು ಮಲಗಿದ ದಿನಗಳಲ್ಲಿ ನೀರಿಲ್ಲದೆ. ಈಗಲೂ ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಈಗಲೂ ಮೈಕೈ ನೋಯುತ್ತದೆ. ಹೂವುಗಳನ್ನು ನೋಡಿ ಆಯಾಸ ಮರೆತೆ ಎಂದು ಬರೆದರೆ ಲೈನ್‌ಮನ್ ಒಪ್ಪುತ್ತಿರಲಿಲ್ಲ. ಆದರೆ ಕಚೇರಿಯಲ್ಲಿ ನನ್ನ ಮೇಜಿನ ಮುಂದೆ ಹಳ್ಳಿಯಿಂದ ಬಸ್ಸು ಹಿಡಿದು ಬಂದು ನಿಲ್ಲುವವರಿಗೆ "ನಾಳೆ ಬನ್ನಿ" ಎನ್ನುವುದನ್ನು ಬಿಟ್ಟಿದ್ದೇನೆ. "ಈ ಕಾಗದ ಇನ್ನು ಇಪ್ಪತ್ತು ದಿನ ಆಗುವುದಿಲ್ಲ, ಅಲ್ಲಿಯವರೆಗೆ ಬರಬೇಡಿ" ಎನ್ನುತ್ತೇನೆ. ಅವರು ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ. ಆ ಮನುಷ್ಯನಲ್ಲಿ ನಾನು ಕ್ಷಮೆ ಕೇಳಲೇ ಇಲ್ಲ. ಬೇರೆ ಯಾವ ರೀತಿಯಲ್ಲಿ ಅದನ್ನು ತೀರಿಸಬೇಕೋ ನನಗೆ ತಿಳಿದಿಲ್ಲ.

ಕಳೆದ ತಿಂಗಳು ಅವರ ಹೆಂಡತಿ ಪಿಂಚಣಿಯ ಕಾಗದಕ್ಕೆಂದು ಊರಿಗೆ ಬಂದವರು ನಮ್ಮ ಮನೆಯಲ್ಲಿ ಊಟ ಮಾಡಿದರು. ನನ್ನ ಗಂಡನ ಹತ್ತಿರ ಕೂತು ಕುಶಲ ಕೇಳಿದರು. ಆಮೇಲೆ ಹಿತ್ತಲಿಗೆ ಬಂದು ಗಿಡಗಳ ನಡುವೆ ತಲೆ ಬಗ್ಗಿಸಿಕೊಂಡು ಓಡಾಡಿದರು. ಆ ವಾರ ಎಂಟು ಹತ್ತು ಗಿಡಗಳು ಹೂ ಬಿಟ್ಟಿದ್ದವು. ಹುಲಿಪಟ್ಟೆಯೂ ಇತ್ತು. ನಾನು ಸಂಭ್ರಮದಿಂದ ಅದರ ಕಡೆ ಕೈ ತೋರಿಸಿದೆ. ಆಕೆ ನೋಡಿ ಮುಖ ತಿರುಗಿಸಿಕೊಂಡರು.

"ನಂಗೊಂದು ಕೊಡ್ತೀರಾ?" ಎಂದು ಕೇಳಿದರು.

"ಎಲ್ಲ ನಿಮ್ಮವೇ ಅಲ್ಲವೇ? ಯಾವುದು ಬೇಕು?"

"ಊ ಬಿಡ್ದೇ ಇರೋದು ಯಾವ್ದಾದ್ರೂ ಕೊಡಿ. ಊ ಬಿಟ್ರೆ ನಂಗೆ ನೋಡಕ್ಕಾಗಲ್ಲ."

ಮೂಲೆಯಲ್ಲಿ ಎರಡೇ ಎಲೆಯ ಒಂದು ಗಿಡವಿತ್ತು. ನಾನು ಕಂಡಂತೆ ಅದು ಬೆಳೆದೂ ಇಲ್ಲ, ಸತ್ತೂ ಇಲ್ಲ. ಅದನ್ನು ತೆಗೆದು ಕೊಟ್ಟೆ. ಮಧ್ಯಾಹ್ನ ಬಸ್ ನಿಲ್ದಾಣದವರೆಗೆ ಹೋಗಿ ಚನ್ನರಾಯಪಟ್ಟಣದ ಬಸ್ಸು ಹತ್ತಿಸಿದೆ. ಆಕೆಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಿಸಿಲು ನೇರವಾಗಿ ಬೀಳುತ್ತಿತ್ತು. ಗಿಡವನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನ ತುದಿಯನ್ನು ಎಳೆದು ಅದರ ಮೇಲೆ ಹೊದೆಸಿದರು.